ಹಸಿರು ಬ್ಯಾಗಿನ ಹಾಜಿ

ನೀರಾವರಿ ಕಚೇರಿಯ ಗುಮಾಸ್ತ ಶೌಕಿ ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಎಸ್ನಾ ಊರಿನಲ್ಲಿ ಇವತ್ತಿಗೂ ಅವನನ್ನು ಸುಳ್ಳುಬುರುಕ ಎನ್ನುವವರು ಸಿಗುತ್ತಾರೆ. ಅವನು ಹೇಳಿದ್ದು ಒಂದೇ ಒಂದು 'ಹೂಂ'. ಮಿಕ್ಕಿದ್ದನ್ನೆಲ್ಲ ಊರಿನವರೇ ಸೇರಿಸಿಕೊಂಡರು.

ಅವನ ಹೆಂಡತಿ ಇನ್ಶಿರಾ ತುಂಬು ಗರ್ಭಿಣಿ. ಮದುವೆಯಾಗಿ ಏಳು ವರ್ಷ. ಎರಡು ಸಲ ಬಸಿರು ನಿಂತು ಎರಡು ಸಲವೂ ಉಳಿದಿರಲಿಲ್ಲ. ಆದ್ದರಿಂದ ಈ ಸಲ ಅವಳ ತಾಯಿ ತಫೀದಾ ಮೂರನೇ ತಿಂಗಳಿಗೇ ಹಳ್ಳಿಯಿಂದ ಎರಡು ಕೋಳಿ, ಒಂದು ಮೂಟೆ ಒಣ ಬೆಂಡೆಕಾಯಿ ಸಮೇತ ಬಂದಿಳಿದು ಮನೆಯ ಆಡಳಿತ ವಹಿಸಿಕೊಂಡಿದ್ದಳು. ಅವಳ ಪ್ರಕಾರ ಹಿಂದಿನ ಎರಡು ಕೂಸುಗಳನ್ನು ತಿಂದದ್ದು ಕಾಯಿಲೆಯಲ್ಲ, ಕಣ್ಣು. ಯಾರ ಕಣ್ಣು ಎಂಬುದರಲ್ಲೂ ಅವಳಿಗೆ ಅನುಮಾನವಿರಲಿಲ್ಲ. ಕೆಳಮನೆಯ ಉಮ್ ಗಲೀಲಾ! ನೀಲಿ ಕಣ್ಣು, ಮುಂದಿನ ಎರಡು ಹಲ್ಲಿನ ನಡುವೆ ಸಂದು. ಒಮ್ಮೆ ಯಾರದೋ ಎಮ್ಮೆ ನೋಡಿ "ಏನು ಕೆಚ್ಚಲಪ್ಪಾ!" ಎಂದಳಂತೆ, ಸಂಜೆಗೆ ಎಮ್ಮೆ ಗೊಟಕ್. ಇನ್ನೊಮ್ಮೆ ಔಷಧಿ ಅಂಗಡಿಯವನ ಹೊಸ ಟೀವಿಯನ್ನು ಹೊಗಳಿದಳಂತೆ, ಅವಳು ಮೆಟ್ಟಿಲಿಳಿಯುವ ಮುಂಚೆ ಅದು ಹೊಗೆಯುಗುಳಿತು.

ಹೀಗಾಗಿ ತಫೀದಾ ಕಾಯಿದೆ ಮಾಡಿದಳು. ಹೆರಿಗೆ ಯಾವಾಗೆಂದು ಬೀದಿಯಲ್ಲಿ ಒಂದು ನರಪಿಳ್ಳೆಗೂ ತಿಳಿಯಬಾರದು. ಯಾರು ಕೇಳಿದರೂ "ಏಳನೇ ತಿಂಗಳು" ಎನ್ನಬೇಕು. ಆ ಮನೆಯಲ್ಲಿ ಏಳನೇ ತಿಂಗಳು ಶುರುವಾಗಿ ಹತ್ತು ವಾರಗಳಾಗಿದ್ದವು. ಆಸ್ಪತ್ರೆ ಎಂಬ ಮಾತನ್ನು ಆಡುವಂತಿಲ್ಲ, ಅದನ್ನು 'ಅಂಗಡಿ' ಎನ್ನಬೇಕು. ಮಗುವಿಗೆ 'ಕಲ್ಲಂಗಡಿ'. ವೈದ್ಯರಿಗೆ 'ತರಕಾರಿಯವನು'. ಶೌಕಿ ಇದನ್ನೆಲ್ಲ ಕಚೇರಿಯ ಕಡತದ ಹಿಂದೆ ಬರೆದುಕೊಂಡು ಬಾಯಿಪಾಠ ಮಾಡಿದ್ದ.

ಇಷ್ಟರಲ್ಲಿ ತರಕಾರಿಯವನು, ಅಂದರೆ ವೈದ್ಯರು, ಒಂದು ಪಟ್ಟಿ ಕೊಟ್ಟು ಕಳಿಸಿದರು. ಮಗುವಿನ ಬಟ್ಟೆ, ಕಾಲುಚೀಲ, ತಾಯಿಗೆ ನಿಲುವಂಗಿ, ಮದುವೆ ಪತ್ರ, ಎಲ್ಲವನ್ನೂ ಒಂದು ಬ್ಯಾಗಿನಲ್ಲಿ ತುಂಬಿ ಬಾಗಿಲ ಬಳಿ ಇಟ್ಟಿರಬೇಕಂತೆ.

"ಬಾಗಿಲ ಹತ್ರವಾ?" ತಫೀದಾ ಎದೆ ಬಡಿದುಕೊಂಡಳು. "ಅದಕ್ಕಿಂತ ತಮಟೆ ಹೊಡಿಸ್ಬಿಡಿ! ಶೌಕಿ, ನೋಡಿದ್ರೆ ಯಾರಿಗೂ ಅನುಮಾನ ಬರಬಾರ್ದು, ಅಂಥ ಬ್ಯಾಗು ತಗೊಂಡು ಬಾ. ದಾರೀಲಿ ಯಾರಾದ್ರೂ ಏನಾದ್ರೂ ಕೇಳಿದ್ರೆ ಹೂಂ ಅಂದು ಬಾ. ಬಾಯಿ ಬಿಡಬೇಡ. ನೀನು ಬಾಯಿ ಬಿಟ್ರೆ ಕೆಡ್ತೀಯ."

ಶೌಕಿ ಪೇಟೆಯಲ್ಲಿ ಒಂದು ಗಂಟೆ ಯೋಚಿಸಿ ಒಂದು ಬ್ಯಾಗು ಆರಿಸಿದ. ಯಾವುದೋ ಯಾತ್ರಾ ಕಂಪನಿ ಮುಚ್ಚಿಹೋದಾಗ ಉಳಿದ ಮಾಲು. ಹಚ್ಚ ಹಸಿರು ಬಣ್ಣ, ಒಂದು ಕಡೆ ಕಾಬಾ, ಇನ್ನೊಂದು ಕಡೆ ವಿಮಾನ. ಇಂಥ ಬ್ಯಾಗು ನೋಡಿ ಹೆರಿಗೆ ನೆನಪಾಗುವ ಮನುಷ್ಯ ಈಜಿಪ್ಟಿನಲ್ಲೇ ಹುಟ್ಟಿಲ್ಲ ಎಂದು ಅವನಿಗೆ ತನ್ನ ಬುದ್ಧಿಯ ಬಗ್ಗೆ ಬಹಳ ಹೆಮ್ಮೆಯಾಯಿತು. ಅವನ ಲೆಕ್ಕ ಸರಿಯಾಗಿಯೇ ಇತ್ತು. ಯಾರಿಗೂ ಹೆರಿಗೆ ನೆನಪಾಗಲಿಲ್ಲ.

ಮೆಟ್ಟಿಲ ಬುಡದಲ್ಲಿ ಉಮ್ ಗಲೀಲಾ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದಳು.

"ಶೌಕಿ! ಏನಪ್ಪಾ ಇದು? ಉಮ್ರಾ ಯಾತ್ರೆಗೆ ಹೊರಟ್ಯಾ?"

"ಹೂಂ," ಎಂದ ಶೌಕಿ, ಅತ್ತೆ ಹೇಳಿಕೊಟ್ಟ ಹಾಗೆ.

ಮುದುಕಿ ಬೆಳ್ಳುಳ್ಳಿ ಬುಟ್ಟಿ ಕೆಳಗೆ ಹಾಕಿ ನಾಲಿಗೆ ಹೊರಳಿಸಿ ಎಂಥ ಮಂಗಳಧ್ವನಿ ಎಬ್ಬಿಸಿದಳೆಂದರೆ, ಎದುರು ಮನೆಯ ಪಾರಿವಾಳಗಳು ಹಾರಿ ಮೂರು ಕಿಟಕಿಗಳು ತೆರೆದುಕೊಂಡವು. "ಕೇಳ್ರಮ್ಮಾ! ನಮ್ಮ ಶೌಕಿ ಮೆಕ್ಕಾಕ್ಕೆ ಹೊರಟಿದ್ದಾನೆ!"

ಮೇಲೆ ತಫೀದಾ ಎಲ್ಲ ಕೇಳಿಸಿಕೊಂಡಿದ್ದಳು. ಅಳಿಯ ಬಾಗಿಲು ದಾಟುವ ಮುಂಚೆಯೇ ಕೈಯಲ್ಲಿ ಸೌಟು. "ಹೂಂ ಅಂದ್ಯಾ? ಅದಕ್ಕೂ ಹೂಂ ಅಂದ್ಯಾ?"

"ನೀವೇ ಅಲ್ವಾ ಅತ್ತೆ ಹೇಳಿದ್ದು?"

"ನಿನ್ನ ತಲೆ ಅಡವಿಟ್ಟಿದ್ದೀಯ ಅಂತ ನಂಗೆ ಗೊತ್ತಿರ್ಲಿಲ್ವಲ್ಲ!" ಎಂದು ಕೂಗಿದ ತಫೀದಾ, ಸೌಟು ಎತ್ತಿದ ಕೈಯಲ್ಲೇ ನಿಂತು ಯೋಚಿಸಿದಳು. "ಇರು. ಒಳ್ಳೇದೇ ಆಯ್ತು. ಎಲ್ರೂ ನಿನ್ನ ಬ್ಯಾಗು ನೋಡ್ಕೊಂಡಿರ್ಲಿ. ಇವಳ ಹೊಟ್ಟೆ ನೋಡೋದು ಬಿಡ್ತಾರೆ. ಆಮೇಲೆ ವೀಸಾ ಬರ್ಲಿಲ್ಲ ಅಂದ್ಬಿಡು."

ಮಂಚದ ಮೇಲಿಂದ ಇನ್ಶಿರಾ, "ಅಮ್ಮಾ, ದೇವರ ಹೆಸರಲ್ಲಿ ಸುಳ್ಳು ಬೇಡಮ್ಮ," ಎಂದಳು.

"ಅವನು ಸುಳ್ಳು ಹೇಳಿಲ್ಲ. ಹೂಂ ಅಂದ ಅಷ್ಟೆ," ಎಂದಳು ತಾಯಿ. ನಾವೂ ಮೊದಲಿಂದ ಅದನ್ನೇ ಹೇಳುತ್ತಿದ್ದೇವೆ.

ಮರುದಿನ ಕಚೇರಿಯಲ್ಲಿ ಒಂದು ವಿಚಿತ್ರ ನಡೆಯಿತು. ಹದಿನಾಲ್ಕು ವರ್ಷಗಳಿಂದ ಶೌಕಿಯನ್ನು "ಏಯ್" ಎಂದು ಕರೆಯುತ್ತಿದ್ದ ಮೇಲಧಿಕಾರಿ ಬಹಗತ್ ಸಾಹೇಬರು ಕುರ್ಚಿಯಿಂದ ಎದ್ದು ನಿಂತರು.

"ಬನ್ನಿ ಬನ್ನಿ ಹಾಜಿಗಳೇ! ಕೂತ್ಕೊಳ್ಳಿ. ಯಾರಲ್ಲಿ, ಹಾಜಿಗಳಿಗೆ ಚಹಾ ತನ್ನಿ! ಸಕ್ಕರೆ ಎಷ್ಟು?"

ಚಹಾಕ್ಕೆ ಸಕ್ಕರೆ ಎಷ್ಟು ಎಂದು ಶೌಕಿಯನ್ನು ಕಚೇರಿಯಲ್ಲಿ ಯಾರೂ ಕೇಳಿದ್ದಿಲ್ಲ. "ನಾಲ್ಕು," ಎಂದ. ಮನೆಯಲ್ಲಿ ಎರಡೇ ಚಮಚ ಹಾಕಿಕೊಳ್ಳುವವನು. ನಿಜ ಹೇಳುವ ಸಂದರ್ಭ ಇಲ್ಲೇ ಇತ್ತು. ಅವನು ಅದನ್ನು ನಾಲ್ಕು ಚಮಚ ಸಕ್ಕರೆಯ ಜತೆ ಕಲಸಿ ಕುಡಿದುಬಿಟ್ಟ.

"ವಿಮಾನ ಯಾವಾಗ?"

"ಅದೂ... ಗುರುವಾರ," ಎಂದ, ಬಾಯಿಗೆ ಬಂದ ವಾರ.

ಸಂಜೆಯೊಳಗೆ ಕಚೇರಿಯವರೆಲ್ಲ ಚೀಟಿ ಹಿಡಿದು ಸಾಲು ನಿಂತರು. ಮಗಳಿಗೆ ಗಂಡು ಸಿಗಲಿ, ಬೆನ್ನುನೋವು ಹೋಗಲಿ, ಪಕ್ಕದ ವಿಭಾಗದವನಿಗೆ ವರ್ಗವಾಗಲಿ. ಎಲ್ಲವನ್ನೂ ಕಾಬಾದ ಮುಂದೆ ಹೆಸರು ಹಿಡಿದು ಬೇಡಿಕೊಳ್ಳಬೇಕಂತೆ. ಬಹಗತ್ ಸಾಹೇಬರು ಹದಿನೈದು ದಿನ ರಜೆಗೆ ಸಹಿ ಹಾಕಿ ಒಂದು ಮಣ್ಣಿನ ಜಾಡಿಯನ್ನೂ ಕೈಗಿತ್ತರು.

"ಹಳೇ ಮಿಶ್. ಎರಡು ವರ್ಷ ಉಪ್ಪಲ್ಲಿ ನೆನೆದ ಚೀಸು. ನನ್ನ ಭಾವಮೈದ ಜಿದ್ದಾದಲ್ಲಿದ್ದಾನೆ, ಇದಿಲ್ದೆ ಅವನಿಗೆ ಊಟ ಸೇರಲ್ಲ. ನೆಟ್ಟಗೆ ಇಟ್ಕೊಳ್ಳಿ ಹಾಜಿಗಳೇ, ಮಗ್ಗುಲಾದ್ರೆ ಸೋರುತ್ತೆ."

ಶೌಕಿ ಹೂಂ ಎಂದ. ಆ ವೇಳೆಗೆ ಅವನಿಗೆ ಅದು ರೂಢಿಯಾಗಿತ್ತು.

ಬುಧವಾರ ಉಮ್ ಗಲೀಲಾ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದಳು. ತಫೀದಾ ಮಗಳನ್ನು ಒಳಕೋಣೆಗೆ ನೂಕಿ ತಾನೂ ಕದ ಹಾಕಿಕೊಂಡು, ಮುದುಕಿಯ ದನಿಯೂ ಮಗಳಿಗೆ ತಾಗದಂತೆ ಗಟ್ಟಿಯಾಗಿ ಜಪ ಶುರುಮಾಡಿದಳು. ಹೊರಗೆ ಶೌಕಿ, ಮುದುಕಿ, ಹಸಿರು ಬ್ಯಾಗು.

ಮುದುಕಿಯ ಕೈಯಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಬಿಳಿ ಗಂಟಿತ್ತು. "ಶೌಕಿ, ನಂಗೆ ಈ ಮಂಡಿ ಇಟ್ಕೊಂಡು ಮೆಕ್ಕಾ ನೋಡೋ ಯೋಗ ಇಲ್ಲ. ಇದು ನನ್ನ ಕಫನ್ನು. ನಾನೇ ನೂಲು ನೋಡಿ ಕೊಂಡಿದ್ದು, ಅಂಚಿಗೆ ಹಸಿರು ದಾರ ಹಾಕಿದ್ದೂ ನಾನೇ. ಸತ್ತಾಗ ಸುತ್ತೋಕೆ ಅಂತ ಹನ್ನೊಂದು ವರ್ಷದಿಂದ ಪೆಟ್ಟಿಗೇಲಿದೆ. ಇದನ್ನ ಅಲ್ಲಿನ ಪವಿತ್ರ ಬಾವಿ ಜಮ್‌ಜಮ್ ನೀರಲ್ಲಿ ಅದ್ದಿ, ಒಣಗಿಸಿ ತಂದ್ಕೊಡಪ್ಪ. ನಾನಂತೂ ಹೋಗ್ಲಿಲ್ಲ, ಇದಾದ್ರೂ ಹೋಗ್ಬರ್ಲಿ."

ಹೆರಿಗೆಯ ಬ್ಯಾಗಿಗೆ ಹೆಣದ ಬಟ್ಟೆ! "ದೊಡ್ಡಮ್ಮಾ, ಅದು... ಬ್ಯಾಗು ತುಂಬಿದೆ..."

"ಸರಿ, ನಾನೇ ಜಾಗ ಮಾಡ್ತೀನಿ," ಎಂದು ಅವಳು ಬ್ಯಾಗಿನ ಜಿಪ್ಪು ಎಳೆದು ಮೊಣಕೈವರೆಗೆ ಕೈ ತೂರಿಸಿದಳು. ಒಂದು ಗಳಿಗೆ ಅವಳ ಕೈ ಒಳಗೇ ನಿಂತಿತು. ಆಮೇಲೆ ಗಂಟನ್ನು ಒತ್ತಿ ಇಟ್ಟು ತಾನೇ ಜಿಪ್ಪು ಎಳೆದಳು. ಶೌಕಿಯ ಮುಖ ನೋಡಿ, "ಒಳ್ಳೇದಾಗ್ಲಪ್ಪ. ಹೋಗೋರು ಕ್ಷೇಮವಾಗಿ ಹೋಗಿ, ಬರೋರು ಕ್ಷೇಮವಾಗಿ ಬರ್ಲಿ," ಎಂದು ಮೆಟ್ಟಿಲಿಳಿದಳು.

ಆ ಗಂಟನ್ನು ಹೊರಗೆ ತೆಗೆದು ಎಲ್ಲಾದರೂ ಅಡಗಿಸಲು ಶೌಕಿ ಪಟ್ಟ ಪಾಡು ಹೇಳತೀರದು. ತಫೀದಾ ಬ್ಯಾಗು ಕಾಯುವ ಸಲುವಾಗಿ ಅದರ ಮೇಲೆಯೇ ಕೂತಿದ್ದಳು. ಕೂತೇ ಬಟಾಣಿ ಸುಲಿದಳು, ಕೂತೇ ಜಪ ಮಾಡಿದಳು. "ಅತ್ತೆ, ಒಂಚೂರು ಏಳ್ತೀರಾ?" ಎಂದರೆ, "ಯಾಕೆ? ಏನಿಟ್ಟಿದ್ದೀಯ ಇದರಲ್ಲಿ?" ಏನಿದೆಯೆಂದು ಹೇಳಿದರೆ ಅತ್ತೆ ಅಲ್ಲೇ ಕುಸಿಯುತ್ತಾಳೆ. ಹೇಳದಿದ್ದರೆ ಏಳುವುದಿಲ್ಲ. ಶೌಕಿ ದೇವರ ಮೇಲೆ ಭಾರ ಹಾಕಿದ.

ಗುರುವಾರದ ಯೋಜನೆ ಸುಲಭವಾಗಿತ್ತು. ಸದ್ದಿಲ್ಲದೆ ಬ್ಯಾಗು ಹೊತ್ತು ಹೊರಡುವುದು, ಅದನ್ನು 'ಅಂಗಡಿ'ಯಲ್ಲಿ ಕೊಟ್ಟು, ಹೆರಿಗೆಯಾಗುವವರೆಗೆ ಅಲ್ಲೇ ಎಲ್ಲಾದರೂ ಬಿದ್ದಿರುವುದು. ಆದರೆ ಬೆಳಿಗ್ಗೆ ಒಂಬತ್ತಕ್ಕೆ ಬೀದಿಯಲ್ಲಿ ಡೋಲು ಕೇಳಿಸಿತು. ಕಿಟಕಿಯಲ್ಲಿ ಇಣುಕಿದರೆ ಬಣ್ಣದ ಕಾಗದ ಅಂಟಿಸಿದ ಮಿನಿಬಸ್ಸು, ಅದರ ಮುಂದೆ ನೀರಾವರಿ ಕಚೇರಿ ಪೂರ್ತಿ, ಎಲ್ಲರ ಮುಂದೆ ಬಹಗತ್ ಸಾಹೇಬರು.

"ಹಾಜಿಗಳೇ! ನಿಮ್ಮನ್ನ ವಿಮಾನ ಹತ್ತಿಸಿಯೇ ಬರೋದು!"

"ಬೇಡ ಸಾರ್, ನಾನೇ ಹೋಗ್ತೀನಿ..."

"ಛೇ ಛೇ! ಏನು ಸಂಕೋಚ! ಎತ್ರಯ್ಯಾ ಹಾಜಿಗಳ ಬ್ಯಾಗು!"

ತಫೀದಾ ಬ್ಯಾಗಿನಿಂದ ಏಳುವ ಮೊದಲೇ ನಾಲ್ಕು ಜನ ನುಗ್ಗಿ ಅದನ್ನು ಎಳೆದುಕೊಂಡರು. ಯಾರೋ ಹರಕೆಯ ಚೀಟಿಗಳನ್ನು ಅದರೊಳಕ್ಕೆ ಸುರಿದು ಮಿಶ್ ಜಾಡಿಯನ್ನು ಮಗ್ಗುಲಾಗಿಯೇ ತುರುಕಿದರು. ಇನ್ನಿಬ್ಬರು ಶೌಕಿಯನ್ನು ಹೆಗಲ ಮೇಲೆ ಹೊತ್ತರು. ಉಮ್ ಗಲೀಲಾ ಮೂರು ಸಲ ಮಂಗಳಧ್ವನಿ ಮಾಡಿದಳು. ಬಸ್ಸು ಹೊರಟಿತು. ಮೇಲಿನ ಕಿಟಕಿಯಲ್ಲಿ ಇನ್ಶಿರಾಳ ಮುಖ ಕಂಡಿತು. ಅವಳು ಕೈಬೀಸುತ್ತಿದ್ದಾಳೆ ಎಂದು ಎಲ್ಲರೂ ಅಂದುಕೊಂಡರು. ಅವಳು ಕರೆಯುತ್ತಿದ್ದಳು.

ವಿಮಾನ ನಿಲ್ದಾಣವಿರುವ ಲಕ್ಸೋರ್‌ನ ರಸ್ತೆಯಲ್ಲಿ ಇಪ್ಪತ್ತು ನಿಮಿಷ ಹೋಗಿದ್ದರೇನೋ, ಶೌಕಿಯ ಫೋನು ಬಡಿದುಕೊಂಡಿತು. ಅತ್ತೆಯ ಗಂಟಲಿಗೆ ಫೋನು ಬೇಕಾಗಿಯೇ ಇರಲಿಲ್ಲ, ಇಡೀ ಬಸ್ಸಿಗೆ ಕೇಳಿಸಿತು.

"ಶೌಕೀ! ಕಲ್ಲಂಗಡಿ ಒಡೀತು!"

ಎಲ್ಲರೂ ಅವನತ್ತ ತಿರುಗಿದರು. ಶೌಕಿ ಬೆವೆತ. "ಯಾವ... ಯಾವಾಗ?"

"ಈಗ್ಲೇ! ನೀರೆಲ್ಲ ಚೆಲ್ಲಿ ಹೋಯ್ತು! ನಾವು ಆಟೋದಲ್ಲಿ ಅಂಗಡಿಗೆ ಬಂದಿದ್ದೀವಿ! ಇಲ್ಲೊಬ್ಬ ಗುಮಾಸ್ತ ಮದುವೆ ಪತ್ರ ಕೊಡಿ, ಮದುವೆ ಪತ್ರ ಕೊಡಿ ಅಂತ ತಲೆ ತಿಂತಿದ್ದಾನೆ! ಕಲ್ಲಂಗಡಿಗೆ ಹಾಕೋಕೆ ಒಂದು ಚಿಂದಿ ಬಟ್ಟೆ ಇಲ್ಲ! ಎಲ್ಲ ಆ ಬ್ಯಾಗಲ್ಲಿದೆ!"

"ತರಕಾರಿಯವನು ಏನಂದ?"

"ತಲೆ ಕಾಣ್ತಿದೆ ಅಂದ!"

ಬಹಗತ್ ಸಾಹೇಬರು ಮೆಲ್ಲಗೆ ಶೌಕಿಯ ಹಣೆ ಮುಟ್ಟಿ ನೋಡಿದರು. "ಹಾಜಿಗಳೇ, ಚಳಿಗಾಲದಲ್ಲಿ ಎಲ್ಲಿಂದ ಬಂತು ಕಲ್ಲಂಗಡಿ? ಅದಕ್ಕೆ ಬಟ್ಟೆ ಯಾಕೆ? ಮದುವೆ ಪತ್ರ ಯಾಕೆ?"

ಈ ಪ್ರಶ್ನೆಗಳಿಗೆ ಹೂಂ ಎಂಬ ಉತ್ತರ ಸಾಲದೆಂದು ಶೌಕಿಗೂ ಹೊಳೆಯಿತು. "ನಿಲ್ಸಿ!" ಎಂದು ಕಿರುಚಿದ. ಬಸ್ಸು ನಿಲ್ಲುವ ಮುಂಚೆ ಬ್ಯಾಗು ಅಪ್ಪಿಕೊಂಡು ಹಾರಿದ. ಎದುರಿನಿಂದ ಸಕ್ಕರೆ ಕಾರ್ಖಾನೆಗೆ ಕಬ್ಬು ಹೇರಿಕೊಂಡು ಒಂದು ಟ್ರ್ಯಾಕ್ಟರು ಬರುತ್ತಿತ್ತು. ಅದರ ಹಿಂದೆ ಓಡಿ, ಜೋತುಬಿದ್ದು, ಕಬ್ಬಿನ ರಾಶಿಯ ಮೇಲೆ ಹತ್ತಿ ಕೂತ. ಮೆಕ್ಕಾದ ಹಾದಿ ಬಿಟ್ಟು ಹಾಜಿ ಎಸ್ನಾದ ಕಡೆಗೆ ಹೋಗುತ್ತಿರುವುದನ್ನು ನೀರಾವರಿ ಕಚೇರಿ ಬಾಯಿ ತೆರೆದು ನೋಡಿತು.

ಟ್ರ್ಯಾಕ್ಟರಿನವನೋ ಪರಮ ಸಮಾಧಾನಿ. "ಬೇಗ ಹೋಗಣ್ಣಾ, ಹೆಂಡ್ತಿಗೆ ಹೆರಿಗೆ!" ಎಂದು ಶೌಕಿ ಮೇಲಿನಿಂದ ಕೂಗಿದ. ಎಷ್ಟೋ ದಿನಗಳ ಮೇಲೆ ಆ ಮಾತನ್ನು ಅದರ ಹೆಸರಿನಿಂದಲೇ ಕರೆದಿದ್ದ. ಎದೆ ಹಗುರಾಯಿತು. ಆದರೆ ಅದರ ಹಿಂದೆಯೇ ಹಳೆಯ ಎರಡು ಸಲಗಳೂ ನೆನಪಾದವು. ಎರಡು ಸಲವೂ ಅವನು ಬರಿಗೈಯಲ್ಲಿ ಆಸ್ಪತ್ರೆಗೆ ಹೋಗಿ ಬರಿಗೈಯಲ್ಲಿ ಬಂದಿದ್ದ. ಅವನು ಬ್ಯಾಗನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡ.

ಆಸ್ಪತ್ರೆಯ ಓಣಿಯಲ್ಲಿ ಅವನು ಓಡಿ ಬರುವುದಕ್ಕೂ ಒಳಗಿನಿಂದ ಮಗುವಿನ ಅಳು ಕೇಳುವುದಕ್ಕೂ ಸರಿಹೋಯಿತು. ಶೌಕಿ ನಿಂತಲ್ಲೇ ನಿಂತ. ಬಾಗಿಲು ತೆರೆದು ನರ್ಸಮ್ಮ ತಲೆ ಹಾಕಿದಳು.

"ಹೆಣ್ಣು ಮಗು! ಚೆನ್ನಾಗಿದೆ, ತಾಯೀನೂ ಚೆನ್ನಾಗಿದ್ದಾಳೆ. ಹಲ್ಲು ಆಮೇಲೆ ಬಿಡೀರಂತೆ, ಬಟ್ಟೆ ಕೊಡಿ! ಮಗು ಚಳಿಗೆ ನಡುಗ್ತಿದೆ!"

ಶೌಕಿ ಜಿಪ್ಪು ಎಳೆದ. ನರ್ಸಮ್ಮ ಎರಡು ಹೆಜ್ಜೆ ಹಿಂದೆ ಸರಿದಳು. ಎರಡು ವರ್ಷದ ಮಿಶ್ ಜಾಡಿಯಿಂದ ಬಿಡುಗಡೆ ಪಡೆದು ಬ್ಯಾಗಿನ ತುಂಬ ವಿಹಾರ ಮಾಡಿತ್ತು. ಹಳದಿ ಅಂಗಿ, ಕುಲಾವಿ, ಇನ್ಶಿರಾಳ ನಿಲುವಂಗಿ, ಬೆನ್ನುನೋವಿನ ಚೀಟಿ, ವರ್ಗಾವಣೆಯ ಚೀಟಿ, ಎಲ್ಲ ಒಂದೇ ಬಣ್ಣ, ಒಂದೇ ವಾಸನೆ. ಮದುವೆ ಪತ್ರ ಅಂಟಂಟಾಗಿತ್ತು. ಆಸ್ಪತ್ರೆಯ ಗುಮಾಸ್ತ ಅದನ್ನು ಎರಡು ಬೆರಳಲ್ಲಿ ಹಿಡಿದು, "ಇದು ಎಷ್ಟು ವರ್ಷದ ಮದುವೆ?" ಎಂದು ಮೂಗು ಮುಚ್ಚಿಕೊಂಡೇ ಕೇಳಿದ.

"ಏನ್ರೀ ಇದು, ಹೆರಿಗೆಗೆ ಬಂದಿದ್ದೀರೋ ಅಂಗಡಿ ಇಡೋಕೋ?" ನರ್ಸಮ್ಮ ರೇಗುತ್ತ ಬ್ಯಾಗಿನ ತಳದಲ್ಲಿ ಕೈಯಾಡಿಸಿ ಪ್ಲಾಸ್ಟಿಕ್ ಗಂಟನ್ನು ಹೊರಗೆಳೆದಳು. "ಹಾಂ, ಇದೊಂದು ಒಣಗಿದೆ! ಮೊದ್ಲೇ ಕೊಡೋಕೇನು?"

"ಅದು ಬೇಡ!" ಎಂದು ಶೌಕಿ ಕೂಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಒಳಗೆ ಬಿಟ್ಟಾಗ ಅವನು ಕಂಡದ್ದು ಇಷ್ಟು. ಮಂಚದ ಮೇಲೆ ಬೆವರಿ ನಗುತ್ತಿರುವ ಇನ್ಶಿರಾ. ಪಕ್ಕದಲ್ಲಿ ತಫೀದಾ. ಅವಳ ತೋಳಲ್ಲಿ ಹಾಲಿನಷ್ಟು ಬಿಳಿಯ, ಕಸ್ತೂರಿ ಪರಿಮಳದ ಹತ್ತಿಬಟ್ಟೆಯಲ್ಲಿ ಮೂಗಿನವರೆಗೆ ಸುತ್ತಿಕೊಂಡ ಒಂದು ಕೆಂಪು ಜೀವ.

"ಶೌಕಿ," ಎಂದಳು ಅತ್ತೆ, ಜೀವಮಾನದಲ್ಲಿ ಮೊದಲ ಸಲ ಮೆತ್ತಗೆ, "ಎಂಥಾ ಬಟ್ಟೆ ಆರಿಸಿದ್ದೀಯಪ್ಪಾ! ಇಷ್ಟು ದಿನ ನಿನ್ನ ಬೈದೆ. ಎಲ್ಲಿ ತಗೊಂಡೆ?"

ಶೌಕಿ ಬಾಯಿ ತೆರೆದ. ಹೂಂ ಕೂಡ ಬರಲಿಲ್ಲ. ಅದೇ ಹೊತ್ತಿಗೆ ಬಾಗಿಲಲ್ಲಿ ಏದುಸಿರು ಕೇಳಿಸಿತು. ಉಮ್ ಗಲೀಲಾ! ಆಟೋದ ಹಿಂದೆ ಆ ಮಂಡಿಯಲ್ಲೇ ನಡೆದು ಬಂದಿದ್ದಳು.

ತಫೀದಾ ಮಗುವನ್ನು ಎದೆಗೊತ್ತಿಕೊಂಡು ತಿರುಗಿ ನಿಂತಳು. ತಿರುಗಿದ ರಭಸಕ್ಕೆ ಬಟ್ಟೆಯ ತುದಿ ಜಾರಿ, ಅಂಚಿನ ಹಸಿರು ದಾರ ಕಂಡಿತು. ಮುದುಕಿ ಅದನ್ನು ನೋಡಿದಳು.

"ದೊಡ್ಡಮ್ಮಾ," ಶೌಕಿಯ ದನಿ ಕುಸಿಯಿತು. "ನಿಮ್ಮ ಕಫನ್ನು... ತಪ್ಪಾಯ್ತು. ನಾನು ಮೆಕ್ಕಾಕ್ಕೆ ಹೋಗೇ ಇಲ್ಲ."

ಕಫನ್ ಎಂಬ ಮಾತು ಕೇಳಿ ತಫೀದಾ ತೋಳಲ್ಲಿದ್ದದ್ದನ್ನು ನೋಡಿದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. ಬಿಚ್ಚಿ ಎಸೆಯೋಣವೆಂದರೆ ಬೇರೆ ಬಟ್ಟೆಯಿಲ್ಲ, ಮಗು ಬೆಚ್ಚಗೆ ನಿದ್ದೆ ಹೋಗಿತ್ತು.

"ಹೋಗಿಲ್ಲ ಅಂತ ಕಾಣ್ತಿದೆ," ಎಂದಳು ಮುದುಕಿ. "ಮೆಕ್ಕಾದಿಂದ ಬಂದೋರ ತಲೇಲಿ ಕಬ್ಬಿನ ಸೋಗೆ ಇರಲ್ಲ. ನಿನ್ನೆ ಬ್ಯಾಗಿಗೆ ಕೈ ಹಾಕಿದಾಗ್ಲೇ ಹೆಬ್ಬೆರಳುದ್ದ ಕಾಲುಚೀಲ ಸಿಕ್ತು. ಇಷ್ಟು ಸಣ್ಣ ಪಾದದ ಹಾಜಿ ಯಾರಪ್ಪಾ ಅಂದ್ಕೊಂಡೆ."

"ಗೊತ್ತಾದ್ಮೇಲೆ ಬಟ್ಟೆ ವಾಪಸ್ ತಗೋಬಹುದಿತ್ತಲ್ಲ ದೊಡ್ಡಮ್ಮಾ!"

"ತಗೊಂಡಿದ್ರೆ ನಂಗೆ ಗೊತ್ತಾಯ್ತು ಅಂತ ನಿಮಗೆ ಗೊತ್ತಾಗ್ತಿತ್ತು. ನಿಮ್ಮತ್ತೆ ತುಂಬಿದ ಬಸುರೀನ ಎಳ್ಕೊಂಡು ಊರೇ ಬಿಡ್ತಿದ್ಲು." ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡಳು. "ನನ್ನ ಕಣ್ಣಿನ ಬಗ್ಗೆ ಬೀದೀಲಿ ಏನಂತಾರೆ ಅಂತ ನಂಗೆ ತಿಳೀದಾ? ಆ ಎಮ್ಮೆ ಹಗ್ಗ ತಿಂದು ಸತ್ತಿದ್ದು. ಹೋಗ್ಲಿ ಬಿಡಿ." ಅವಳು ಒಳಗೆ ಬರಲಿಲ್ಲ. ಹೊಸ್ತಿಲಲ್ಲೇ ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. "ನಾನು ನೋಡಲ್ಲ. ಉಸಿರಾಡ್ತಿದೆಯಾ ಅಂತ ಹೇಳಿ, ಅಷ್ಟು ಸಾಕು. ಹೋಗ್ತೀನಿ."

ಮಂಚದಿಂದ ಇನ್ಶಿರಾ, "ಅಮ್ಮಾ, ಕೊಡಮ್ಮ," ಎಂದಳು.

ತಫೀದಾ ಮಗಳನ್ನು ನೋಡಿದಳು, ಗೋಡೆ ನೋಡುತ್ತಿದ್ದ ಬಾಗಿದ ಬೆನ್ನನ್ನು ನೋಡಿದಳು. ಕೊನೆಗೆ ನಾಲ್ಕು ಹೆಜ್ಜೆ ನಡೆದು, ಒಂಬತ್ತು ತಿಂಗಳು ಬಚ್ಚಿಟ್ಟದ್ದನ್ನು ತಾನೇ ಒಯ್ದು ಮುದುಕಿಯ ಕೈಯಲ್ಲಿಟ್ಟಳು.

ಉಮ್ ಗಲೀಲಾ ತನ್ನ ನೀಲಿ ಕಣ್ಣು ತೆರೆದು ಮಗುವನ್ನು ತೃಪ್ತಿಯಾಗುವಷ್ಟು ಹೊತ್ತು ನೋಡಿದಳು.

"ಥೂ!" ಎಂದಳು. "ಎಂಥಾ ಕುರೂಪಿ! ಮೂಗು ನೋಡು, ಒಣ ಬೆಂಡೆಕಾಯಿ. ಬಣ್ಣ ನೋಡು, ಸೀದ ರೊಟ್ಟಿ. ಇದನ್ನ ಯಾವ ಗಂಡು ಮದುವೆಯಾಗ್ತಾನೆ!" ಬೈಯುತ್ತಿದ್ದವಳ ಕೆನ್ನೆಯ ಮೇಲೆ ನೀರು ದಳದಳ ಇಳಿಯುತ್ತಿತ್ತು.

"ಏನಂದ್ರಿ? ನನ್ನ ಮೊಮ್ಮಗಳಿಗೆ..." ಎಂದು ಸೊಂಟಕ್ಕೆ ಕೈಯಿಟ್ಟ ತಫೀದಾ ಅರ್ಧಕ್ಕೇ ನಿಂತಳು. ಹೊಗಳಿದರೆ ಜನ ಹೆದರುತ್ತಾರೆಂದು ತಿಳಿದವಳು ಹರಸುವುದು ಇನ್ನು ಹೇಗೆ? "ಹೌದ್ರೀ," ಎಂದಳು, ಸೊಂಟದ ಕೈ ಇಳಿಸಿ. "ಕಪ್ಪೆ ಮರಿ."

ಅಷ್ಟರಲ್ಲಿ ಕಪ್ಪೆ ಮರಿ ತನ್ನ ಅಭಿಪ್ರಾಯ ತಿಳಿಸಿತು. ಬಿಳಿ ಬಟ್ಟೆ ಬೆಚ್ಚಗೆ ಒದ್ದೆಯಾಗಿ ತೊಟ್ಟಿಕ್ಕಿತು.

"ಶೌಕಿ, ಬಟ್ಟೆ ಅದ್ದಿಸ್ಕೊಂಡು ಬಾ ಅಂದೆ ನಿಜ," ಎಂದಳು ಮುದುಕಿ. "ಇಂಥ ನೀರಲ್ಲಿ ಅಂತ ಹೇಳಿದ್ನಾ?"

"ಒಗೆದು ಕೊಡ್ತೀನಿ ದೊಡ್ಡಮ್ಮಾ..."

"ಬೇಡ, ಇದು ಇವಳದ್ದಾಯ್ತು. ನಾನಿನ್ನು ಹೊಸದಕ್ಕೆ ಬಟ್ಟೆ ಹುಡುಕ್ಬೇಕು, ಅಂಚು ಹೊಲೀಬೇಕು. ಅದು ಮುಗಿಯೋವರೆಗೂ ಸಾಯೋ ಹಾಗೂ ಇಲ್ಲ. ಎಂಥಾ ಕೆಲಸ ಹಚ್ಚಿದ್ರಿ ನಂಗೆ!"

ಹೊರಗೆ ಡೋಲು ಕೇಳಿಸಿತು. ಕಬ್ಬಿನ ಟ್ರ್ಯಾಕ್ಟರಿನ ಜಾಡು ಹಿಡಿದು ನೀರಾವರಿ ಕಚೇರಿಯ ಮಿನಿಬಸ್ಸು ಆಸ್ಪತ್ರೆಯ ಗೇಟಿಗೆ ಬಂದಿತ್ತು. ಹಿಂದೆಯೇ ಬೀದಿಯ ಹೆಂಗಸರು. ಬಹಗತ್ ಸಾಹೇಬರು ಕೆಳಗಿನಿಂದ ಕೂಗಿದರು, "ಹಾಜಿಗಳೇ! ಏನಾಯ್ತು? ನಿಮ್ಮ ಮನೆಯವರಿಗೆ ಹೆರಿಗೆನಾ?"

ತಫೀದಾ ಗಾಬರಿಯಿಂದ ಶೌಕಿಯನ್ನು ನೋಡಿದಳು. ಶೌಕಿ ಹೂಂ ಎನ್ನಲು ಬಾಯಿ ತೆರೆದ. ಉಮ್ ಗಲೀಲಾ ಒದ್ದೆ ಕೈಯಿಂದ ಅವನ ಬಾಯಿ ಮುಚ್ಚಿ, ಮಗುವನ್ನು ಸೆರಗಿನೊಳಗೆ ಮರೆಮಾಡಿ, ಕಿಟಕಿಯಿಂದ ತಲೆ ಹೊರಹಾಕಿದಳು.

"ಹೆರಿಗೆಯೆಲ್ಲಿ ಬಂತು ಸಾಹೇಬ್ರೇ? ಇನ್ನೂ ಏಳನೇ ತಿಂಗಳು!"